ಬಿಸಿನೆಸ್ ವೀಸಾ ಸಿಗುವ ಅವಕಾಶ ಹೆಚ್ಚಿಸಿಕೊಳ್ಳುವುದು ಹೇಗೆ?

ಸ್ವಂತ ವ್ಯಾಪಾರ ಇದೆ, ಉಳಿತಾಯವೂ ಇದೆ, ಬಿಸಿನೆಸ್ ವೀಸಾದಲ್ಲಿ ಹೊರದೇಶಕ್ಕೆ ಹೋಗಿ ನೆಲೆಸುವ ಅವಕಾಶ ಜಾಸ್ತಿ ಮಾಡಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ಇಂಥ ಅರ್ಜಿಗಳಿಗೆ ಲೆಕ್ಕಪತ್ರ ಜೋಡಿಸಿಕೊಡುವುದು ನನ್ನ ಕೆಲಸ. ನಾನು ಕಂಡಂತೆ, ಜನರ ಹತ್ತಿರ ದುಡ್ಡು ಇರುತ್ತದೆ, ಅದು ಎಲ್ಲಿಂದ ಬಂತು ಎಂದು ತೋರಿಸುವಾಗಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಜಮೀನು ಮಾರಿದ ಹಣವೇ? ಕ್ರಯಪತ್ರ ಬೇಕು. ಆ ಮೊತ್ತ ಬ್ಯಾಂಕಿಗೆ ಬಿದ್ದ ದಾಖಲೆ ಬೇಕು. ತೆರಿಗೆ ಲೆಕ್ಕದಲ್ಲೂ ಅದು ಕಾಣಬೇಕು. ಅಪ್ಪ ಕೊಟ್ಟರು ಅಂದರೆ ದಾನಪತ್ರ ಒಂದೇ ಸಾಲದು, ಅಪ್ಪನಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಬರುತ್ತದೆ. ಅರ್ಜಿಗೆ ಸ್ವಲ್ಪ ಮುಂಚೆ ಖಾತೆಗೆ ದಿಢೀರನೆ ದೊಡ್ಡ ಮೊತ್ತ ಬಂದು ಕೂತರೆ ಅನುಮಾನ ಹುಟ್ಟುವುದು ಸಹಜ ಅಲ್ವಾ? ಸಾಲಕ್ಕೂ ಲೆಕ್ಕಾಚಾರ ಇದೆ. ಅಮೆರಿಕದಲ್ಲಿ ಹಣ ಹೂಡಿ ವ್ಯಾಪಾರ ನಡೆಸುವವರಿಗೆ ಇರುವ ಇ-2 ವೀಸಾದಲ್ಲಿ, ಆ ಹೊಸ ವ್ಯಾಪಾರದ ಆಸ್ತಿಯನ್ನೇ ಅಡವಿಟ್ಟು ತಂದ ಸಾಲ ಹೂಡಿಕೆ ಎನಿಸುವುದಿಲ್ಲ. ಸ್ವಂತ ಮನೆ ಅಡವಿಟ್ಟು ತಂದಿದ್ದರೆ ಎನಿಸುತ್ತದೆ. ಯಾವ ದೇಶ ಎಂದು ತೀರ್ಮಾನಿಸುವ ಮೊದಲೇ ಈ ಕಾಗದಗಳನ್ನು ಕೂಡಿಡಲು ಶುರು ಮಾಡಿ.

ದೇಶ ಆರಿಸುವಾಗ ಹಳೇ ಮಾಹಿತಿ ನಂಬಬೇಡಿ. ಬ್ರಿಟನ್ನಿನ ಹೂಡಿಕೆದಾರರ ವೀಸಾ 2022ರ ಫೆಬ್ರವರಿಯಲ್ಲೇ ಹೊಸಬರಿಗೆ ಮುಚ್ಚಿತು. ವ್ಯಾಪಾರಿಗಳು, ಹೂಡಿಕೆದಾರರಿಗೆ ಇದ್ದ ಆಸ್ಟ್ರೇಲಿಯಾದ 188 ವೀಸಾ 2024ರ ಜುಲೈನಲ್ಲಿ ನಿಂತಿತು. ಇ-2 ಸಿಗುವುದು ಅಮೆರಿಕದ ಜೊತೆ ಒಪ್ಪಂದ ಇರುವ ದೇಶಗಳವರಿಗೆ ಮಾತ್ರ. ಭಾರತ, ಚೀನಾ ಆ ಪಟ್ಟಿಯಲ್ಲಿಲ್ಲ. ಅಮೆರಿಕದ ಬಿ-1 ವೀಸಾ ಅಂತೂ ಸಭೆ, ಮಾತುಕತೆಗೆ ಹೋಗಿ ಬರಲು ಇರುವುದು.

ಬಂಡವಾಳ ಬೇಕೆಂದು ನಡೆಯುತ್ತಿರುವ ವ್ಯಾಪಾರವನ್ನೇ ಮಾರುವವರಿದ್ದಾರೆ. ನೀವು ಸ್ವಲ್ಪ ತಡೆಯಿರಿ. ನಿಮ್ಮ ಕಂಪನಿಯ ಶಾಖೆಯನ್ನು ಅಮೆರಿಕದಲ್ಲಿ ತೆರೆಯಲು ಎಲ್-1ಎ ವೀಸಾ ಇದೆ. ಹಿಂದಿನ 3 ವರ್ಷಗಳಲ್ಲಿ ಕನಿಷ್ಠ 1 ವರ್ಷ ಬಿಡದೆ ನಿಮ್ಮ ಕಂಪನಿಯಲ್ಲಿ ಮ್ಯಾನೇಜರ್ ಮಟ್ಟದ ಕೆಲಸ ಮಾಡಿರಬೇಕು. ನೀವು ಅಲ್ಲಿಗೆ ಹೋದ ಮೇಲೂ ಮೂಲ ಕಂಪನಿ ನಡೆಯುತ್ತಲೇ ಇರಬೇಕು. ಅದನ್ನು ಮಾರಿಬಿಟ್ಟರೆ ಈ ದಾರಿಯೇ ಮುಚ್ಚಿತು. ಹೊಸ ಶಾಖೆಗೆ ಮೊದಲು ಕೊಡುವುದು 1 ವರ್ಷ ಮಾತ್ರ, ಮುಂದುವರಿಸಲು ವ್ಯಾಪಾರ ನಿಜವಾಗಿ ನಡೆಯುತ್ತಿದೆ ಎಂದು ತೋರಿಸಬೇಕು.

ಬ್ರಿಟನ್ನಿನ ಇನ್ನೊವೇಟರ್ ಫೌಂಡರ್ ವೀಸಾಗೆ 2023ರ ಏಪ್ರಿಲ್‌ನಿಂದ 50,000 ಪೌಂಡ್ ಹೂಡಲೇಬೇಕೆಂಬ ಷರತ್ತು ಇಲ್ಲ. ಹಾಗಂತ ಸುಲಭ ಅಂದುಕೊಳ್ಳಬೇಡಿ. ಐಡಿಯಾ ಹೊಸದೇ, ನಡೆಯುತ್ತದೆಯೇ, ಬೆಳೆಯುತ್ತದೆಯೇ ಎಂದು ಸರ್ಕಾರ ಒಪ್ಪಿದ ಸಂಸ್ಥೆಯೊಂದು ಅಳೆದು ನೋಡುತ್ತದೆ. ಏಜೆಂಟರು ಮಾರುವ ರೆಡಿಮೇಡ್ ಬಿಸಿನೆಸ್ ಪ್ಲ್ಯಾನ್ ಸುಮ್ನೆ ದಂಡ. ನಿಮ್ಮ ಪ್ಲ್ಯಾನ್‌ನಲ್ಲಿ ಎರಡನೇ ವರ್ಷದ ಆದಾಯಕ್ಕೆ ಹಾಕಿದ ಅಂಕಿ ಎಲ್ಲಿಂದ ಬಂತು ಎಂದು ಕೇಳಿದರೆ ಕಾಗದ ನೋಡದೆ ಹೇಳುವಂತಿರಬೇಕು.

ಹಿಂದೆ ಯಾವುದಾದರೂ ವೀಸಾ ತಿರಸ್ಕಾರ ಆಗಿದ್ದರೆ ಮುಚ್ಚಿಡಬೇಡಿ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಕೆನಡಾ 5 ವರ್ಷ ಒಳಗೆ ಬಿಡುವುದಿಲ್ಲ, ಬ್ರಿಟನ್ 10 ವರ್ಷದವರೆಗೂ ಅರ್ಜಿ ತಳ್ಳಿಹಾಕಬಹುದು.