ಬ್ರಾಕೆಟ್ಟಿನೊಳಗಿನ ಅಣ್ಣ

ಪ್ರೀತಿಯ ತಂಗಿ,

ನಿನ್ನ ಪತ್ರ ಬಂದು ಒಂಬತ್ತು ದಿನ ಆಯಿತು. ಮೂರು ಸಲ ಓದಿದೆ. ಎರಡನೇ ಸಲ ಓದುವಾಗ ಸಿಟ್ಟು ಬಂತು. ಸಿಟ್ಟಿನಲ್ಲಿ ಉತ್ತರ ಬರೆಯಬಾರದು ಅಂತ ಎತ್ತಿಟ್ಟೆ. ಈಗಲೂ ಅದು ಪೂರ್ತಿ ಇಳಿದಿಲ್ಲ. ಇನ್ನೂ ಕಾದರೆ ನಿನ್ನ ಮಾಮಾ ಕಾಗದಪತ್ರ ಶುರು ಮಾಡಿಬಿಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಉಳಿದ ಓದುಗರಿಗೂ ವಿಷಯ ಗೊತ್ತಿರಲಿ. ಈ ಹುಡುಗಿ ಸಿಂದಗಿಯ ಆಚೆ, ಭೀಮಾ ದಂಡೆಯ ಒಂದು ಹಳ್ಳಿಯವಳು. ಹತ್ತನೇ ತರಗತಿವರೆಗೆ ಊರಿನ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಪಿಯುಸಿಗೆ ವಿಜಯಪುರ, ಹಿಂದುಳಿದ ವರ್ಗಗಳ ಬಿಸಿಎಂ ಹಾಸ್ಟೆಲ್. ಡಾಕ್ಟರ್ ಆಗಬೇಕೆಂದು ಓದಿದಳು. ಶಿವರಾತ್ರಿಯ ಮರುದಿನ ಅಪ್ಪನಿಗೆ ಲಕ್ವಾ ಹೊಡೆಯಿತು. ಸೋಲಾಪುರದ ಆಸ್ಪತ್ರೆಗೆ ಒಯ್ದರು. ಅಲ್ಲಿ 40 ದಿನ ಅಪ್ಪನ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗಿದವಳು ಇವಳೇ. ಪಿಯುಸಿ ಪೇಪರ್ ಇದ್ದ ದಿನ ನಸುಕಿನ ಬಸ್ಸಿಗೆ ವಿಜಯಪುರಕ್ಕೆ ಬಂದು ಬರೆದು, ಸಂಜೆ ಮತ್ತೆ ಸೋಲಾಪುರ. ಅವ್ವ ಊರಲ್ಲಿ ಜೋಳದ ರಾಶಿ, ದನ ಎಲ್ಲ ಒಬ್ಬಳೇ ನೋಡಿಕೊಂಡಳು. ಅಪ್ಪನನ್ನು ಮನೆಗೆ ಕರೆತಂದ ಮೇಲೆ ಮೆಡಿಕಲ್ ಪ್ರವೇಶ ಪರೀಕ್ಷೆ ನೀಟ್‌ಗೆ ಒಂದು ತಿಂಗಳೂ ಉಳಿದಿರಲಿಲ್ಲ. ರ‍್ಯಾಂಕ್ ಸರ್ಕಾರಿ ಮೆಡಿಕಲ್ ಸೀಟಿಗೆ ಸಾಲಲಿಲ್ಲ.

ಹೊಳೆಯ ಆಚೆ, ಅಫಜಲಪುರ ತಾಲೂಕಿನಲ್ಲಿ ಇವಳ ಗೆಳತಿ ಇದ್ದಾಳೆ. ಒಂದೇ ಹಾಸ್ಟೆಲ್, ಒಂದೇ ಬೆಂಚು. ಗೆಳತಿಗೆ ಇವಳಿಗಿಂತ 31 ಅಂಕ ಕಡಿಮೆ. ಅವಳಿಗೆ ಕಲ್ಯಾಣ ಕರ್ನಾಟಕದವರಿಗೆ ಇರುವ 371(ಜೆ) ಮೀಸಲಿನ ಅಡಿಯಲ್ಲಿ ಸೀಟು ಸಿಕ್ಕಿತು.

ಈಗ ಮಾಮಾ ಒಂದು ದಾರಿ ಹೇಳಿದ್ದಾರೆ. ಚಿಗವ್ವನನ್ನು ಕೊಟ್ಟಿದ್ದು ಅಫಜಲಪುರ ಕಡೆಗೆ. ಹುಡುಗಿ ಚಿಕ್ಕಂದಿನಿಂದ ಚಿಗವ್ವನ ಮನೆಯಲ್ಲೇ ಬೆಳೆದಳು ಅಂತ ತೋರಿಸಿ ಅರ್ಹತಾ ಪ್ರಮಾಣಪತ್ರ ಮಾಡಿಸೋಣ, ಕಚೇರಿಯಲ್ಲಿ ಗುರುತಿನವರು ಇದ್ದಾರೆ, ಮುಂದಿನ ವರ್ಷ ಇಷ್ಟೇ ಅಂಕ ಬಂದರೂ ಸೀಟು ಗ್ಯಾರಂಟಿ. ಅಣ್ಣ ಇನ್ನೊಂದು ದಾರಿ ಹೇಳಿದ್ದಾನೆ. ಸಿಂದಗಿಯಲ್ಲೇ ಬಿಎಸ್‌ಸಿ ಸೇರು, ಅಪ್ಪನನ್ನೂ ನೋಡಿಕೊಂಡಂತೆ ಆಗುತ್ತದೆ.

ಹುಡುಗಿಯ ಪ್ರಶ್ನೆ ಅವಳ ಮಾತಲ್ಲೇ ಇದೆ: "ನನ್ನ ಕಷ್ಟ ಖರೇ ಐತಿ ಅಕ್ಕಾ, ಸರ್ಟಿಫಿಕೇಟ್ ಅಷ್ಟೇ ಸುಳ್ಳು. ಖರೇ ಕಷ್ಟಕ್ಕ ಒಂದು ಸುಳ್ಳು ಕಾಗದ ತಪ್ಪೇನು?"

ಪ್ರಮಾಣಪತ್ರದ ಮಾತು ಮೊದಲು ಮುಗಿಸಿಬಿಡುತ್ತೇನೆ. ಬೇಡ. ನೀನು ಆ ಭಾಗದಲ್ಲಿ ಹುಟ್ಟಿಲ್ಲ, ನೆಲೆಸಿಲ್ಲ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಿಗೆ ನೀನು ಕೊಟ್ಟ ವ್ಯಾಸಂಗ ಪ್ರಮಾಣಪತ್ರದಲ್ಲಿ ಒಂದರಿಂದ ಹತ್ತರವರೆಗೆ ನಿನ್ನ ಊರಿನ ಶಾಲೆಯ ಹೆಸರಿದೆ. ಕೆಳಗೆ ಸಿಂದಗಿಯ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಮೇಲುಸಹಿ ಇದೆ. ಅದೇ ಹತ್ತು ವರ್ಷ ನೀನು ಹೊಳೆಯ ಆಚೆ ಇದ್ದೆ ಅಂತ ಇನ್ನೊಂದು ಕಾಗದ ಹೇಳಬೇಕು. ಒಂದೇ ಫೈಲಿನಲ್ಲಿ ಎರಡು ಊರು. ಇದು ಈ ವರ್ಷ ಸಿಗದಿದ್ದರೆ ಮೂರನೇ ವರ್ಷ ಸಿಗುತ್ತದೆ. ಆಗ ಸೀಟೂ ಹೋಗುತ್ತದೆ, ಕೇಸೂ ಆಗುತ್ತದೆ. ಸಿಗದೇ ಹೋಯಿತು ಅಂತಲೇ ಇಟ್ಟುಕೋ. ಆ ಸೀಟು ಆ ದಂಡೆಯ ಯಾವಳೋ ಒಬ್ಬ ಹುಡುಗಿಯದು. ಅವಳ ಅಪ್ಪನಿಗೂ ಲಕ್ವಾ ಹೊಡೆದಿರಬಹುದು, ಅಲ್ವಾ?

ಮಾಮಾನ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೇಳಿದ್ದು ತಪ್ಪು ದಾರಿಯೇ. ಆದರೆ ನೀನು ಅಳುವುದನ್ನು ನೋಡಿ ಆ ಮನುಷ್ಯ ಎದ್ದು ಓಡಾಡಿದರು. ನಿನ್ನ ಮನೆಯಲ್ಲಿ ಉಳಿದ ಗಂಡಸರು ಅಷ್ಟೂ ಮಾಡಿಲ್ಲ.

ಗೆಳತಿಯ ಮೇಲೂ ಸಿಟ್ಟು ಬಿಡು. "ಹೊಳಿ ಈ ಕಡೆ ಹುಟ್ಟಿದ್ದೇ ನನ್ನ ತಪ್ಪಾತು" ಅಂತ ಬರೆದಿದ್ದೀಯ. ನಮ್ಮ ಜಿಲ್ಲೆಯಲ್ಲಿ ಈ ಮಾತನ್ನು ಪ್ರತಿ ವರ್ಷ ಸೀಟು ಹಂಚಿಕೆಯ ಹೊತ್ತಿಗೆ ಕೇಳುತ್ತೇನೆ. ಭೀಮಾ ಅಲ್ಲಿ ಬರೀ ನದಿಯಲ್ಲ. 1948ರವರೆಗೆ ಆ ದಂಡೆ ನಿಜಾಮರ ಆಡಳಿತ, ಈ ದಂಡೆ ಮುಂಬೈ ಪ್ರಾಂತ. 1956ರಲ್ಲಿ ಎರಡೂ ಒಂದೇ ರಾಜ್ಯಕ್ಕೆ ಬಂದವು. ಆದರೆ ಶಾಲೆ, ಆಸ್ಪತ್ರೆ, ರಸ್ತೆಯಲ್ಲಿ ಆ ಕಡೆ ತುಂಬಾ ಹಿಂದೆ ಉಳಿದಿತ್ತು. ಅದಕ್ಕೇ 2012ರಲ್ಲಿ ಸಂವಿಧಾನದ 98ನೇ ತಿದ್ದುಪಡಿ ಮಾಡಿ 371(ಜೆ) ತಂದರು. ಆ ಭಾಗದ ಕಾಲೇಜುಗಳಲ್ಲಿ 70%, ರಾಜ್ಯದ ಉಳಿದ ಕಡೆ 8% ಸೀಟು ಅಲ್ಲಿನವರಿಗೆ. ಅದು ನಿನ್ನ ಗೆಳತಿ ಕಸಿದುಕೊಂಡಿದ್ದಲ್ಲ. ಅವಳ ಅಜ್ಜಿಗೆ ಶಾಲೆ ಸಿಗದೇ ಹೋಗಿದ್ದಕ್ಕೆ ಮೊಮ್ಮಗಳಿಗೆ ತಡವಾಗಿ ಬಂದ ಪಾಲು. ಗೆರೆ ಎಳೆದ ಮೇಲೆ ಯಾರೋ ಗೆರೆಯ ಪಕ್ಕದಲ್ಲೇ ಹೊರಗೆ ಉಳಿಯುತ್ತಾರೆ. ಪ್ರಾದೇಶಿಕ ಅಸಮತೋಲನದ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲೂಕು ಹಿಂದುಳಿದಿವೆ ಅಂತ ಪಟ್ಟಿ ಮಾಡಿತು. ಅದರಲ್ಲಿ ನಮ್ಮ ಜಿಲ್ಲೆಯ ತಾಲೂಕುಗಳೂ ಇವೆ. ಇದನ್ನು ಸರ್ಕಾರವನ್ನು ಕೇಳಬೇಕು, ನಾನೂ ಕೇಳುತ್ತೇನೆ. ಗೆಳತಿಯ ಹತ್ತಿರ ಕೇಳುವ ಲೆಕ್ಕ ಅಲ್ಲ ಅದು.

ಈಗ ನನ್ನ ಸಿಟ್ಟಿಗೆ ಬರುತ್ತೇನೆ.

ನಾಲ್ಕು ಪುಟದ ಪತ್ರ. ಪರೀಕ್ಷಾ ಪ್ರಾಧಿಕಾರದ ಬಗ್ಗೆ ಒಂದು ಪುಟ. ಗೆಳತಿಯ 31 ಅಂಕದ ಬಗ್ಗೆ ಒಂದು ಪುಟ. ಮೂರನೇ ಪುಟದ ನಡುವೆ, ಸೋಲಾಪುರದ ಮಾತು ಬರುವಲ್ಲಿ, ಬ್ರಾಕೆಟ್ ಹಾಕಿ ಒಂದು ಸಾಲು ಬರೆದಿದ್ದೀಯ. "(ಅಣ್ಣಗ ರಜಾ ಸಿಗಲಿಲ್ಲ, ಅದಕ್ಕ ನಾನೇ ಇದ್ದೆ.)" ಅಷ್ಟೇ. ಆಮೇಲೆ ಮತ್ತೆ ಕಟ್‌ಆಫ್ ಮಾತು.

ತಂಗಿ, ನಿನ್ನ ಇಡೀ ಪತ್ರ ಇರುವುದು ಆ ಬ್ರಾಕೆಟ್ಟಿನೊಳಗೆ.

ಅಣ್ಣ ಪುಣೆಯಲ್ಲಿ ಕಂಪನಿ ಕೆಲಸದಲ್ಲಿ ಇದ್ದಾನೆ. ಪುಣೆಯಿಂದ ಸೋಲಾಪುರಕ್ಕೆ ನೇರ ರೈಲಿದೆ. 40 ದಿನದಲ್ಲಿ ಎರಡು ಭಾನುವಾರ ಬಂದು ಹೋದ ಅಂತ ನೀನೇ ಬರೆದಿದ್ದೀಯ. ನಿನಗೆ ಎರಡು ಪರೀಕ್ಷೆ ಇದ್ದವು. ಅವನಿಗೆ ಒಂದೂ ಇರಲಿಲ್ಲ. ಆದರೂ "ಯಾರು ಇರಬೇಕು" ಅಂತ ನಿಮ್ಮ ಮನೆಯಲ್ಲಿ ಒಂದು ಮಾತು ಆಗಲಿಲ್ಲ. ನೀನು ಇದ್ದುಬಿಟ್ಟೆ. ಅವನು ರಜೆ ಕೇಳಿದ್ದನೇ? ಎಷ್ಟು ದಿನ ಕೇಳಿದ? ಯಾರು ಇಲ್ಲ ಅಂದರು? ನಿನಗೆ ಗೊತ್ತಿಲ್ಲ. ನೀನು ಕೇಳಿಯೇ ಇಲ್ಲ.

ಇನ್ನೊಂದು ಸಾಲನ್ನೂ ನೀನು ಹಾಗೇ ದಾಟಿಸಿಬಿಟ್ಟೆ. ಅಣ್ಣನಿಗೆ ಮೊದಲ ಸಲ ರ‍್ಯಾಂಕ್ ಬರದಿದ್ದಾಗ ಅಪ್ಪ ಎರಡು ಎಕರೆ ಹೊಲ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟು ಅವನನ್ನು ಧಾರವಾಡದಲ್ಲಿ ಒಂದು ವರ್ಷ ಕೋಚಿಂಗ್‌ಗೆ ಇಟ್ಟರು. ಆ ವರ್ಷ ನಿಮ್ಮ ಮನೆಯಲ್ಲಿ ಯಾರೂ ಹಾಸಿಗೆ ಹಿಡಿದಿರಲಿಲ್ಲ. ಅವನಿಗೆ ಏನೂ ಕಷ್ಟ ಇರಲಿಲ್ಲ. ಆದರೂ ಇನ್ನೊಂದು ಅವಕಾಶ ಕೊಟ್ಟರು. ಕೊಟ್ಟಿದ್ದು ಒಳ್ಳೆಯದೇ. ಅದೇ ಅವಕಾಶ ನಿನ್ನ ಪಾಲಿಗೆ ಬರುವ ಹೊತ್ತಿಗೆ "ಸಿಂದಗಿಯಲ್ಲೇ ಬಿಎಸ್‌ಸಿ ಸೇರು" ಆಗಿಬಿಟ್ಟಿತು. ಬಿಎಸ್‌ಸಿ ಕೆಟ್ಟದ್ದಲ್ಲ, ಸಿಂದಗಿಯೂ ಕೆಟ್ಟದ್ದಲ್ಲ. ನಿನಗೆ ಬೇಕಾಗಿದ್ದರೆ ನಾನೇ ಸೇರು ಅನ್ನುತ್ತಿದ್ದೆ. ಅಣ್ಣ ಅದನ್ನು ಹೇಳಿದ್ದು ನಿನ್ನ ಓದಿಗಾಗಿ ಅಲ್ಲ. ಅಪ್ಪನಿಗೆ ಮನೆಯಲ್ಲಿ ಒಬ್ಬಳು ಇರಲಿ ಅಂತ.

ನಾನು ಇಪ್ಪತ್ತೆರಡು ವರ್ಷ ಪಿಯು ಕಾಲೇಜಿನಲ್ಲಿ ಪಾಠ ಮಾಡಿದವಳು. ಹಾಜರಿ ಪುಸ್ತಕ ನೋಡಿದರೆ ನನಗೆ ಮನೆ ಮನೆಯ ಕತೆ ಗೊತ್ತಾಗುತ್ತಿತ್ತು. ಅಜ್ಜಿಗೆ ಕಣ್ಣಿನ ಆಪರೇಷನ್ ಆದರೆ ಹುಡುಗಿ ಗೈರು. ಅತ್ತಿಗೆ ಬಾಣಂತನಕ್ಕೆ ಬಂದರೆ ಹುಡುಗಿ ಗೈರು. ಅದೇ ಮನೆಯ ಹುಡುಗ ಪಕ್ಕದ ಸೆಕ್ಷನ್‌ನಲ್ಲಿ ದಿನಾ ಹಾಜರಿ. ನಾನು ಮನೆಗೆ ಹೋಗಿ ಕೇಳಿದರೆ ಒಂದೇ ಉತ್ತರ: "ಆಕಿಗೆ ತಿಳೀತೈತ್ರಿ, ಆಕಿ ಭಾಳ ಶಾಣ್ಯಾಕಿ." ಶಾಣ್ಯಾಕಿ ಅಂತ ಹೊಗಳಿ ಹೊಗಳಿಯೇ ಎಷ್ಟು ಹುಡುಗಿಯರ ವರ್ಷ ತಿಂದಿದ್ದೇವೆ. ಈ ಅಂಕಣದಲ್ಲಿ ಇದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕ ಇಲ್ಲ. ಇನ್ನೂ ಬರೆಯುತ್ತೇನೆ.

ಪರೀಕ್ಷೆಯವರು ನಿನ್ನ ಕಷ್ಟವನ್ನು ಯಾಕೆ ನೋಡಲಿಲ್ಲ ಅಂತ ಕೇಳಿದ್ದೀಯ. ಅವರಿಗೆ ಕಾಣುವುದು ಕೆಲವೇ ಕಷ್ಟ. ಹಳ್ಳಿಯಲ್ಲಿ ಹತ್ತು ವರ್ಷ ಓದಿದ್ದು ಕಾಣುತ್ತದೆ, ಅದಕ್ಕೆ 15%. ಕನ್ನಡ ಮಾಧ್ಯಮ ಕಾಣುತ್ತದೆ, ಅದಕ್ಕೆ 5%. ಇವು ಸಾವಿರಾರು ಮಕ್ಕಳಿಗೆ ಒಂದೇ ಥರ ಇರುವ ಕಷ್ಟಗಳು, ಶಾಲೆಯ ದಾಖಲೆಯಲ್ಲಿ ಸಿಗುತ್ತವೆ. ಸೋಲಾಪುರದ ಚಾಪೆ ಯಾವ ದಾಖಲೆಯಲ್ಲೂ ಇಲ್ಲ. 2024ರ ನೀಟ್ ನೆನಪಿದೆಯಾ? ಕೆಲವು ಕೇಂದ್ರಗಳಲ್ಲಿ ಪರೀಕ್ಷೆಯ ಸಮಯ ಹಾಳಾಯಿತು ಅಂತ 1,563 ಮಕ್ಕಳಿಗೆ ಕೃಪಾಂಕ ಕೊಟ್ಟರು. ದೇಶವೆಲ್ಲ ಗಲಾಟೆ ಎದ್ದಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕೃಪಾಂಕ ವಾಪಸ್ ತೆಗೆದು, ಜೂನ್ 23ಕ್ಕೆ ಆ ಮಕ್ಕಳಿಗೆ ಮರುಪರೀಕ್ಷೆ ಇಟ್ಟರು. ಪರೀಕ್ಷೆಯ ಕೋಣೆಯಲ್ಲೇ ಕಳೆದುಹೋದ ನಿಮಿಷಗಳನ್ನು ಅಂಕ ಮಾಡಲು ಹೋಗಿ ಇಷ್ಟಾಯಿತು. ನಿನ್ನ 40 ದಿನವನ್ನು ಯಾರು ಅಂಕ ಮಾಡುತ್ತಾರೆ? ಕಷ್ಟಕ್ಕೂ ಒಂದು ಸರ್ಟಿಫಿಕೇಟ್ ಅಂತ ಬಂದರೆ, ಅದನ್ನು ಮೊದಲು ಮಾಡಿಸಿಕೊಳ್ಳುವವರು ಕಚೇರಿಯಲ್ಲಿ ಗುರುತಿನವರು ಇದ್ದವರೇ.

ಹಾಗಂತ ಈಗಿರುವುದೇ ಸರಿ ಅಂತ ನಾನು ಹೇಳುವುದಿಲ್ಲ. ಪಿಯುಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಹೆಚ್ಚು ಬಂದ ಅಂಕ ಇಟ್ಟುಕೊಳ್ಳಬಹುದು. ನೀಟ್‌ಗೆ ಒಂದೇ ಮಧ್ಯಾಹ್ನ. 180 ಪ್ರಶ್ನೆ, 720 ಅಂಕ, ತಪ್ಪಿದರೆ ಒಂದೊಂದು ಅಂಕ ಕಟ್. ಮನೆಯಲ್ಲಿ ಏನೇ ಆಗಿರಲಿ, ಅದೇ ಮಧ್ಯಾಹ್ನ. ತಮಿಳುನಾಡಿನಲ್ಲಿ 2020ರಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಮೆಡಿಕಲ್ ಸೀಟಿನಲ್ಲಿ 7.5% ಮೀಸಲು ಇದೆ. ನಮ್ಮಲ್ಲೂ ಅಂಥದ್ದು ಬೇಕು ಅಂತ ನಾನು ಹೇಳುತ್ತಲೇ ಬಂದಿದ್ದೇನೆ. ಅದು ಬಂದಾಗ ಬರಲಿ, ನಿನ್ನ ವರ್ಷ ಅದಕ್ಕಾಗಿ ಕಾಯುವುದಿಲ್ಲ.

ಆದರೆ ಮನೆಗೆ ನಿನ್ನ ಕಷ್ಟ ಕಾಣುತ್ತದೆ. ಮನೆಗೆ ಯಾವ ದಾಖಲೆಯೂ ಬೇಕಿಲ್ಲ. ಅವ್ವನಿಗೆ ಗೊತ್ತು, ಅಣ್ಣನಿಗೆ ಗೊತ್ತು, ಮಾತು ತೊದಲಿದರೂ ಅಪ್ಪನಿಗೆ ಚೆನ್ನಾಗಿ ಗೊತ್ತು. ನಿನಗೆ ಆದ ಅನ್ಯಾಯದಲ್ಲಿ ಸರಿಪಡಿಸಲು ಆಗುವ ಭಾಗ ಇರುವುದು ಅಲ್ಲಿ. ಸರಿಪಡಿಸಲು ಬೇಕಾಗಿರುವುದು ಒಂದು ವರ್ಷ, ಅಷ್ಟೇ.

ಪಿಯುಸಿ 71% ಬಂದು ಎಲ್ಲ ಹಾಳಾಯಿತು ಅಂತ ಅತ್ತಿದ್ದೀಯ. ಏನೂ ಹಾಳಾಗಿಲ್ಲ. ಎಂಜಿನಿಯರಿಂಗ್‌ಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅರ್ಧ ಸೇರಿಸುತ್ತಾರೆ. ಮೆಡಿಕಲ್‌ಗೆ ಹಾಗಿಲ್ಲ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಸೇರಿ 50% ಇದ್ದರೆ ಸಾಕು, ಮೀಸಲು ವರ್ಗದವರಿಗೆ 40%. ಆಮೇಲೆ ರ‍್ಯಾಂಕ್ ನೋಡುವುದು ನೀಟ್ ಅಂಕದಿಂದ ಮಾತ್ರ. ಇಷ್ಟೇ ಸಲ ಬರೆಯಬೇಕು ಅನ್ನುವ ಮಿತಿ ಇಲ್ಲ. ಹೆಚ್ಚಿನ ವಯಸ್ಸಿನ ಮಿತಿಯನ್ನೂ 2022ರಲ್ಲಿ ತೆಗೆದಿದ್ದಾರೆ. ನಿನಗೆ ಈಗ ಹದಿನೆಂಟು. ಅಪ್ಪನ ಮೂಗಿನ ನಳಿಗೆ ನೋಡಿಕೊಂಡು, ಬಸ್ಸಿನಲ್ಲಿ ಓದಿ, ಇಷ್ಟು ಅಂಕ ತೆಗೆದಿದ್ದೀಯ. ಕುಳಿತು ಓದಿದರೆ ಎಷ್ಟು ಬರುತ್ತದೆ ಅನ್ನುವುದನ್ನು ನೀನೂ ನೋಡಿಲ್ಲ, ನಿಮ್ಮ ಮನೆಯವರೂ ನೋಡಿಲ್ಲ.

ಅಪ್ಪನನ್ನು ಬಿಟ್ಟು ಹೋಗು ಅಂತ ನಾನು ಹೇಳುತ್ತಿಲ್ಲ. ಆ ಕೆಲಸ ದೊಡ್ಡದು, ನೀನು ಅದನ್ನು ಪ್ರೀತಿಯಿಂದ ಮಾಡಿದ್ದೀಯ. ಅಪ್ಪನಿಗೆ ಇಬ್ಬರು ಮಕ್ಕಳು. ಒಬ್ಬಳ ಸರದಿ ಮುಗಿದಿದೆ.

ನಾಗರ ಪಂಚಮಿಗೆ ಅಣ್ಣ ಊರಿಗೆ ಬರುತ್ತಾನೆ ಅಂತ ಬರೆದಿದ್ದೀಯ. ಅವ್ವ ಉಂಡಿ ಕಟ್ಟುತ್ತಾಳೆ, ಎಲ್ಲರೂ ಸೇರಿರುತ್ತಾರೆ, ಯಾಕೆ ಈಗ ಮಾತು ಅಂತ ನಿನಗೆ ಅನಿಸುತ್ತದೆ. ಅವತ್ತೇ ಮಾತಾಡು. ಮಾಮಾನನ್ನೂ ಕರೆಸು, ಅವರು ನಿನ್ನ ಕಡೆ ಕೂರುತ್ತಾರೆ. ಅಳಬೇಡ, ಸೀಟಿನ ಮಾತು ಎತ್ತಬೇಡ, ಗೆಳತಿಯ ಅಂಕದ ಮಾತಂತೂ ಬೇಡವೇ ಬೇಡ. ಅಪ್ಪನ ಮಂಚದ ಹತ್ತಿರ ಕುಳಿತು ಇಷ್ಟೇ ಹೇಳು: "ಅಣ್ಣಾ, ನಿನಗ ಕೊಟ್ಟಂಗ ನನಗೂ ಒಂದು ವರ್ಷ ಬೇಕು. ಆ ವರ್ಷ ಅಪ್ಪನ ಜವಾಬ್ದಾರಿ ನಿಂದು." ಪುಣೆಗೆ ಕರೆದುಕೊಂಡು ಹೋಗುತ್ತಾನೋ, ಊರಲ್ಲಿ ಆಳು ಇಟ್ಟು ಸಂಬಳ ಕೊಡುತ್ತಾನೋ, ಮನೆಯಿಂದಲೇ ಕಂಪನಿ ಕೆಲಸ ಮಾಡುತ್ತಾನೋ, ಅದನ್ನು ಅವನೇ ಯೋಚಿಸಲಿ. ಅವನ ಬದಲು ನೀನು ಯೋಚಿಸಿ ಕೊಡಬೇಡ.

ರಜೆ ಸಿಗುವುದಿಲ್ಲ ಅಂತ ಅವನು ಅಂದರೆ, ಶಿವರಾತ್ರಿಯಲ್ಲಿ ರಜೆಗೆ ಬರೆದ ಅರ್ಜಿ ಫೋನಿನಲ್ಲಿ ಇರುತ್ತದಲ್ಲ, ತೋರಿಸು ಅಂತ ಕೇಳು.