ನೆಟ್‌ವರ್ಕ್ ಡ್ರೈವರ್‌ನಲ್ಲಿ ಪ್ರತಿ ಫೀಲ್ಡ್‌ಗೂ ಮಾಸ್ಕ್, ಶಿಫ್ಟ್ ಎರಡೂ ಬರೆಯಲೇಬೇಕಾ?

ಚಿಪ್‌ನ ರಿಜಿಸ್ಟರ್‌ನಲ್ಲಿ (ಡ್ರೈವರ್ ಓದಿ ಬರೆಯುವ ಬಿಟ್‌ಗಳ ಗುಂಪು) ಒಂದೊಂದು ಫೀಲ್ಡ್‌ಗೂ, ಅಂದರೆ ಒಂದು ಕೆಲಸಕ್ಕೆ ಮೀಸಲಾದ ಕೆಲವು ಬಿಟ್‌ಗಳಿಗೂ, ಅವು ಯಾವುವು ಅಂತ ತೋರಿಸುವ ಒಂದು ಮಾಸ್ಕ್, ಎಷ್ಟು ಬಿಟ್ ಸರಿಸಬೇಕು ಅನ್ನುವ ಒಂದು ಶಿಫ್ಟ್ ಬರೆದು ಹೆಡರ್ ಫೈಲ್ ಉದ್ದವಾಗಿದೆ, ಬದಲಿಗೆ ಸಿ ಭಾಷೆಯ ಬಿಟ್‌ಫೀಲ್ಡ್ ಸ್ಟ್ರಕ್ಟ್ (ಯಾವ ಫೀಲ್ಡ್‌ಗೆ ಎಷ್ಟು ಬಿಟ್ ಅಂತ ಹೆಸರಿಟ್ಟು ಬರೆಯುವ ರಚನೆ) ಹಾಕಬಹುದಾ ಅಂತ ಕೇಳಿದ್ದೀರಿ. ಸ್ಟ್ರಕ್ಟ್ ಬೇಡ. ಮಾಸ್ಕ್ ಮಾತ್ರ ಉಳಿಸಿಕೊಂಡು ಶಿಫ್ಟ್‌ಗಳನ್ನೆಲ್ಲ ತೆಗೆದುಬಿಡಿ.

ಇದು ನನಗೆ ಪೆಟ್ಟು ತಿಂದು ಗೊತ್ತಾದದ್ದು. ಮನೆ ತುಮಕೂರು, ಕೆಲಸ ಬೆಂಗಳೂರು, ದಿನಾ ರೈಲು. ನಾವು ಬಳಸುತ್ತಿದ್ದ ಚಿಪ್‌ನ ಹೊಸ ಆವೃತ್ತಿಯಲ್ಲಿ ಕ್ಯೂ ನಂಬರಿನ (ಪ್ಯಾಕೆಟ್ ಯಾವ ಸಾಲಿಗೆ ಹೋಗಬೇಕು ಅನ್ನುವ) ಫೀಲ್ಡ್ 8ರಿಂದ 11ನೇ ಬಿಟ್ ಇದ್ದದ್ದು 10ರಿಂದ 13ಕ್ಕೆ ಹೋಗಿತ್ತು. ನಾನು ಮಾಸ್ಕ್ ತಿದ್ದಿದೆ, ಶಿಫ್ಟ್ 8 ಹಾಗೇ ಉಳಿಯಿತು. ಕಂಪೈಲರ್ ಸುಮ್ಮನಿತ್ತು. ಪಿಂಗ್ ಸರಿಯಾಗಿ ಹೋಗುತ್ತಿತ್ತು, ಆದರೆ ಲೋಡ್ ಜಾಸ್ತಿ ಆದರೆ ವೇಗ ಕುಸಿಯುತ್ತಿತ್ತು. ಎರಡು ದಿನ ಹುಡುಕಿದೆ. ಕೊನೆಗೆ ಸಂಜೆ ರೈಲಿನಲ್ಲಿ ಪೇಪರ್ ಮೇಲೆ ಬಿಟ್‌ಗಳನ್ನು ಬರೆದು ನೋಡುವಾಗ, ಹಿರೇಹಳ್ಳಿ ದಾಟುವ ಹೊತ್ತಿಗೆ ಹೊಳೆಯಿತು: 0, 1, 2, 3 ಯಾವ ನಂಬರ್ ಕೊಟ್ಟರೂ 8 ಬಿಟ್ ಸರಿಸಿ ಹೊಸ ಮಾಸ್ಕ್ ಹಾಕಿದರೆ ಸೊನ್ನೆಯೇ ಬರುತ್ತದೆ. ನಾಲ್ಕು ಕ್ಯೂಗೆ ಹೋಗಬೇಕಾದ ಪ್ಯಾಕೆಟ್‌ಗಳೆಲ್ಲ ಒಂದರಲ್ಲೇ ಸಾಲು ನಿಂತಿದ್ದವು!

ಮಾಸ್ಕ್‌ನ ಕೆಳಗಿನ ಮೊದಲ ಬಿಟ್ ಎಲ್ಲಿದೆಯೋ ಅದೇ ಶಿಫ್ಟ್, ಅಲ್ವಾ? ಒಂದೇ ವಿಷಯವನ್ನು ಎರಡು ಕಡೆ ಬರೆದರೆ ಒಂದು ದಿನ ಒಂದು ಕಡೆ ಮರೆಯುತ್ತೇವೆ. ಲಿನಕ್ಸ್ ಕರ್ನಲ್‌ನಲ್ಲಿ ಇದಕ್ಕೆ ಬಿಟ್‌ಫೀಲ್ಡ್ (linux/bitfield.h) ಅನ್ನುವ ಹೆಡರ್ ಇದೆ, 2016ರ 4.9 ಆವೃತ್ತಿಯಿಂದ. ಜೆನ್‌ಮಾಸ್ಕ್ (GENMASK) ಅನ್ನುವ ಮ್ಯಾಕ್ರೋಗೆ ಮೇಲಿನ, ಕೆಳಗಿನ ಬಿಟ್ 13, 10 ಅಂತ ಕೊಟ್ಟು ಮಾಸ್ಕ್ ಮಾಡಿ. ಚಿಪ್‌ನ ವಿವರ ಕೊಡುವ ಡೇಟಾಶೀಟ್‌ನಲ್ಲಿ ಇರುವ ಅಂಕಿಗಳೇ ಅವು. ಬೆಲೆಯನ್ನು ಜಾಗಕ್ಕೆ ಕೂರಿಸಲು ಫೀಲ್ಡ್ ಪ್ರೆಪ್ (FIELD_PREP), ಓದಲು ಫೀಲ್ಡ್ ಗೆಟ್ (FIELD_GET). ಮಾಸ್ಕ್ ನಡುವೆ ತೂತು ಇದ್ದರೆ, ಅಥವಾ ನೀವು ಕೊಟ್ಟ ಸ್ಥಿರ ಬೆಲೆ ಫೀಲ್ಡ್‌ಗೆ ಹಿಡಿಸದಿದ್ದರೆ, ಕಂಪೈಲ್ ಆಗುವುದೇ ಇಲ್ಲ. ರನ್ ಆಗುವಾಗ ಬರುವ ಬೆಲೆಗೆ ಮಾತ್ರ ಈ ಕಾವಲು ಇಲ್ಲ, ಹೆಚ್ಚಾದ ಬಿಟ್ ಸದ್ದಿಲ್ಲದೆ ಕತ್ತರಿಸಿ ಹೋಗುತ್ತದೆ. ಅಲ್ಲಿ ಬೆಲೆ ಹಿಡಿಸುತ್ತದಾ ಅಂತ ಫೀಲ್ಡ್ ಫಿಟ್‌ನಿಂದ (FIELD_FIT) ಮೊದಲೇ ನೋಡಿಕೊಳ್ಳಿ.

ಸ್ಟ್ರಕ್ಟ್ ಯಾಕೆ ಬೇಡ ಅಂದರೆ, ಬಿಟ್‌ಗಳನ್ನು ಯಾವ ತುದಿಯಿಂದ ಜೋಡಿಸಬೇಕು ಅನ್ನುವುದನ್ನು ಸಿ ಭಾಷೆ ಕಂಪೈಲರ್‌ಗೆ ಬಿಟ್ಟಿದೆ. ಕರ್ನಲ್‌ನ ಐಪಿ ಹೆಡರ್ ತೆರೆದು ನೋಡಿ, ವರ್ಷನ್ ಮತ್ತು ಹೆಡರ್ ಉದ್ದದ ಫೀಲ್ಡ್‌ಗಳನ್ನು ಎರಡು ಕ್ರಮದಲ್ಲಿ, ಎರಡು ಸಲ ಬರೆದಿದ್ದಾರೆ. ನಿಮ್ಮ ಎಲ್ಲ ರಿಜಿಸ್ಟರ್‌ಗಳಿಗೂ ಹಾಗೆ ಬರೆಯುತ್ತೀರಾ?

ಒಂದು ಎಚ್ಚರ. ಫೀಲ್ಡ್ ಪ್ರೆಪ್ ಹಳೆಯ ಬಿಟ್‌ಗಳನ್ನು ಅಳಿಸುವುದಿಲ್ಲ. ಮೊದಲು ರಿಜಿಸ್ಟರ್ ಓದಿ, ಮಾಸ್ಕ್‌ನ ಜಾಗ ಖಾಲಿ ಮಾಡಿ, ಆಮೇಲೆ ಸೇರಿಸಿ ಬರೆಯಿರಿ. ಬೇರೆ ಕಡೆಯಿಂದಲೂ ಅದೇ ರಿಜಿಸ್ಟರ್ ಬದಲಾಗುತ್ತಿದ್ದರೆ ಲಾಕ್ ಬೇಕೇ ಬೇಕು. 1 ಬರೆದರೆ ಅಳಿಯುವ ಇಂಟರಪ್ಟ್ ಸ್ಟೇಟಸ್ (ಚಿಪ್ ಗಮನ ಸೆಳೆದ ಸೂಚನೆಗಳ ಪಟ್ಟಿ) ರಿಜಿಸ್ಟರ್‌ಗೆ ಮಾತ್ರ ಹೀಗೆ ಓದಿ ತಿದ್ದಿ ಬರೆಯಬೇಡಿ, ಇನ್ನೂ ನೋಡದ ಇಂಟರಪ್ಟ್‌ಗಳೂ ಅಳಿಸಿ ಹೋಗುತ್ತವೆ. ಅಲ್ಲಿ ನಿಮಗೆ ಬೇಕಾದ ಬಿಟ್ ಅಷ್ಟನ್ನೇ ಬರೆಯಿರಿ.

ಎಲ್ಲವನ್ನೂ ಒಂದೇ ದಿನ ಬದಲಿಸಲು ಹೋಗಬೇಡಿ. ಒಂದು ರಿಜಿಸ್ಟರ್ ಬದಲಿಸಿ, ಹಿಂದಿನ ಮತ್ತು ಈಗಿನ ಆಬ್ಜೆಕ್ಟ್ ಫೈಲ್‌ಗಳನ್ನು (ಕಂಪೈಲ್ ಆದ ಕೋಡ್) ಅದನ್ನು ಬಿಡಿಸಿ ತೋರಿಸುವ ಆಬ್ಜ್‌ಡಂಪ್‌ನಲ್ಲಿ (objdump) ಹೋಲಿಸಿ. ಸ್ಥಿರ ಬೆಲೆಗಳಿರುವ ಕಡೆ ಎರಡೂ ಒಂದೇ ಥರ ಇರಬೇಕು. ಇಲ್ಲದಿದ್ದರೆ ಒಂದೋ ಹೊಸ ಮಾಸ್ಕ್ ತಪ್ಪು, ಇಲ್ಲವೇ ಹಳೆಯ ಶಿಫ್ಟ್ ತಪ್ಪಿತ್ತು. ಡೇಟಾಶೀಟ್ ತೆಗೆದು ನೋಡಿ.