ಕೆರೆಯ ದಂಡೆಯಲ್ಲಿ ಡೇರೆ ಹಾಕಬಹುದೇ?

ಪ್ರಶ್ನೆ: ಎಳ್ಳಮಾವಾಸ್ಯೆ ಮುಗಿದ ಮರುದಿನ ನಾವು ಐದು ಜನ ಗೆಳೆಯರು ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯದ ದಂಡೆಯಲ್ಲಿ ಡೇರೆ ಹಾಕಿ ಒಂದು ರಾತ್ರಿ ಕಳೆಯಬೇಕೆಂದಿದ್ದೇವೆ. ಅಲ್ಲಿ ಯಾರೂ ಕೇಳುವುದಿಲ್ಲ ಎಂದು ಹೋಗಿಬಂದವರು ಹೇಳುತ್ತಾರೆ. ಅನುಮತಿ ಬೇಕೇ? ಏನೇನು ಒಯ್ಯಬೇಕು?
– ಓದುಗರೊಬ್ಬರು, ಕಲಬುರಗಿ

ಉತ್ತರ: ಅನುಮತಿ ಬೇಕೇ ಬೇಕು. ಚಂದ್ರಂಪಳ್ಳಿಯ ಸುತ್ತಲಿನ ಕಾಡು 2011ರಲ್ಲಿ ಚಿಂಚೋಳಿ ವನ್ಯಜೀವಿಧಾಮವೆಂದು ಘೋಷಿತವಾಗಿದೆ. ಅದರ ವಿಸ್ತಾರ ಸುಮಾರು 134 ಚದರ ಕಿಲೋಮೀಟರ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಧಾಮದೊಳಗೆ ಹೊರಗಿನವರು ಪ್ರವಾಸಕ್ಕೆಂದು ಹೋಗುವುದಕ್ಕೂ ತಂಗುವುದಕ್ಕೂ ಅರಣ್ಯ ಇಲಾಖೆಯ ಪರವಾನಗಿ ಇರಬೇಕು. ‘ಯಾರೂ ಕೇಳುವುದಿಲ್ಲ’ ಎಂಬುದು ಕೇಳುವವರು ಬರುವ ತನಕದ ಮಾತು. ಚಿಂಚೋಳಿಯ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಮೊದಲೇ ಹೋಗಿ, ಬರುವವರ ಹೆಸರು, ವಾಹನದ ಸಂಖ್ಯೆ, ತಂಗುವ ದಿನ ಬರೆದು ಅರ್ಜಿ ಕೊಡಿ. ದಂಡೆಯಲ್ಲಿ ಬೇಡವೆಂದು ಅವರು ಬೇರೆ ಜಾಗ ತೋರಿಸಿದರೆ, ಒಪ್ಪಿಗೆಯನ್ನೇ ಕೊಡದಿದ್ದರೆ, ವಾದಕ್ಕಿಳಿಯಬೇಡಿ. ಹಗಲು ಎತ್ತಿಪೋತ ಜಲಪಾತ, ಗೊಟ್ಟಂಗೊಟ್ಟ ನೋಡಿಕೊಂಡು ಸಂಜೆಗೆ ಚಿಂಚೋಳಿಯಲ್ಲಿ ಉಳಿದರೂ ಪ್ರವಾಸಕ್ಕೆ ಕೊರತೆಯಾಗದು.

ಅನುಮತಿ ದೊರೆತರೂ ನೀರಿನ ಅಂಚಿಗೇ ಡೇರೆ ಹಾಕಬಾರದೆಂಬುದು ನನ್ನ ಸಲಹೆ. ತೋಳ, ಕತ್ತೆಕಿರುಬ, ನರಿಗಳು ಬದುಕಿರುವ ಈ ಒಣಕಾಡಿನಲ್ಲಿ ರಾತ್ರಿ ಪ್ರಾಣಿಗಳು ನೀರಿಗೆ ಬರುವ ದಾರಿ ಆ ಅಂಚೇ. ಅವು ಮೈಮೇಲೆ ಬೀಳುತ್ತವೆಂಬ ಭಯಕ್ಕಿಂತ, ನಮ್ಮನ್ನು ಕಂಡು ನೀರು ಕುಡಿಯದೇ ಹಿಂದಿರುಗುತ್ತವೆಂಬುದು ಯೋಚಿಸಬೇಕಾದ ಸಂಗತಿ. ಇನ್ನೊಂದು ಕಾರಣ ತೇವ. ಹಿಂದೊಮ್ಮೆ ನಮ್ಮ ಭಾಗದ ಕೆರೆಯೊಂದರ ತಗ್ಗಿನಲ್ಲಿ ಗಾಳಿ ಬಾರದಿರಲೆಂದು ಡೇರೆಯ ಎಲ್ಲ ಕಿಟಕಿಗಳನ್ನೂ ಮುಚ್ಚಿ ಮಲಗಿದ್ದೆ. ನಸುಕಿನಲ್ಲಿ ಎದ್ದಾಗ ಒಳಬದಿಯ ಬಟ್ಟೆಯ ತುಂಬ ಸಾಸಿವೆಕಾಳಿನಂಥ ಹನಿಗಳಿದ್ದವು. ಕೈ ತಗುಲಿದ್ದೇ ತಡ ಅಷ್ಟೂ ಹಾಸಿಗೆಯ ಮೇಲೆ ಸುರಿದವು. ಹೊರಗೆ ಮಳೆ ಬಂದಿರಲಿಲ್ಲ. ಅದು ನಮ್ಮದೇ ಉಸಿರಿನ ನೀರು. ತಣ್ಣನೆಯ ಗಾಳಿ ಇಳಿದು ತಗ್ಗಿನಲ್ಲೇ ನಿಲ್ಲುವುದರಿಂದ ದಂಡೆಯಿಂದ ಸ್ವಲ್ಪ ಮೇಲಿನ, ಇಳಿಜಾರಿಲ್ಲದ ನೆಲವನ್ನು ಆರಿಸಿ, ಒಂದು ಕಿಂಡಿಯನ್ನಾದರೂ ತೆರೆದಿಡಿ.

ಅಂಗಡಿಯಲ್ಲಿ ಡೇರೆಯೊಡನೆ ಕೊಡುವ ತೆಳು ಗೂಟಗಳನ್ನು ನಂಬಬೇಡಿ. ಎರೆ ಮಣ್ಣು ಚಳಿಗಾಲಕ್ಕೆ ಬಿರುಕು ಬಿಟ್ಟಿದ್ದರೆ ಗೂಟ ಸಡಿಲವಾಗಿ ಕೈಗೇ ಬರುತ್ತದೆ, ಜಂಬಿಟ್ಟಿಗೆಯ ನೆಲದಲ್ಲಾದರೆ ಬಾಗಿಹೋಗುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ಎರಡಕ್ಕೂ ಉದ್ದನೆಯ ಹಗ್ಗ ಒಯ್ದು ದಪ್ಪ ಕಲ್ಲುಗಳಿಗೆ ಬಿಗಿಯುವುದೇ ವಾಸಿ. ಧಾಮದೊಳಗೆ ಬೆಂಕಿ ಹಚ್ಚುವುದು ಅಪರಾಧವಾದ್ದರಿಂದ ಒಲೆಯ ಯೋಚನೆ ಬಿಡಿ; ಹಬ್ಬಕ್ಕೆ ಬಡಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಹೇಗೂ ಮನೆಯಲ್ಲಿರುತ್ತವೆ.

ಪ್ರಶ್ನೆ: ಹಿಮಾಚಲದ ಚಂದ್ರತಾಲ್ ಸರೋವರದ ಬಳಿ ಡೇರೆಯಲ್ಲಿ ಉಳಿಯುವ ಆಸೆ. ಜೊತೆಗೆ ಅರವತ್ತೆರಡು ವರ್ಷದ ಅಪ್ಪಾಜಿಯವರೂ ಇರುತ್ತಾರೆ. ಮನಾಲಿಯಿಂದ ಒಂದೇ ದಿನದಲ್ಲಿ ತಲುಪಬಹುದೆಂದು ತಿಳಿಯಿತು. ಹಾಗೆ ಹೋಗಬಹುದೇ?
– ಓದುಗರೊಬ್ಬರು, ಬೀದರ್

ಉತ್ತರ: ರಸ್ತೆ ತೆರೆದಿದ್ದರೆ ವಾಹನ ಒಂದೇ ದಿನದಲ್ಲಿ ತಲುಪೀತು, ಆದರೆ ದೇಹ ಅಷ್ಟು ಬೇಗ ಹೊಂದಿಕೊಳ್ಳದು. ಮನಾಲಿ ಸುಮಾರು 2,000 ಮೀಟರ್ ಎತ್ತರದಲ್ಲಿದ್ದರೆ ಚಂದ್ರತಾಲ್ ಸುಮಾರು 4,300 ಮೀಟರ್ ಎತ್ತರದಲ್ಲಿದೆ; 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂಬುದು ವೈದ್ಯರು ಒಪ್ಪುವ ಲೆಕ್ಕ. ಆದ್ದರಿಂದ ಶಿಮ್ಲಾ, ಕಿನ್ನೌರ್ ಕಡೆಯಿಂದ ನಿಧಾನವಾಗಿ ಏರಿ, ಸ್ಪಿತಿ ಕಣಿವೆಯ ಊರಾದ ಕಾಜಾದಲ್ಲಿ ಎರಡು ರಾತ್ರಿ ತಂಗಿ, ಸರೋವರವನ್ನು ಕೊನೆಗಿಟ್ಟುಕೊಳ್ಳಿ. ತಂದೆಯವರಿಗೆ ಹೃದಯ ಅಥವಾ ಶ್ವಾಸಕೋಶದ ತೊಂದರೆಯಿದ್ದರೆ ಟಿಕೆಟ್ ತೆಗೆಸುವ ಮೊದಲೇ ವೈದ್ಯರನ್ನು ಕಾಣಿರಿ. ತಲೆನೋವಿನ ಜೊತೆಗೆ ವಾಂತಿ, ತೂರಾಟ ಕಂಡರೆ ಬೆಳಗಾಗಲೆಂದು ಕಾಯದೆ ಕೆಳಗಿಳಿಯಬೇಕು.

ಅಲ್ಲಿಯೂ ದಂಡೆಯ ಮೇಲೆ ಡೇರೆಗೆ ಅವಕಾಶವಿಲ್ಲ. ಚಂದ್ರತಾಲ್ 2005ರಿಂದ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಯಲ್ಲಿ, ಇದೆ. ಡೇರೆಗಳು ಕೆಲವು ಕಿಲೋಮೀಟರ್ ಈಚೆಗಿರುತ್ತವೆ, ಸರೋವರಕ್ಕೆ ಹೋಗಿಬರಬೇಕು. ಅಡುಗೆಯ ವಿಚಾರವಾಗಿ ಒಂದು ಮಾತು: ಆ ಎತ್ತರದಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುವುದರಿಂದ, ತೊಗರಿಯ ನಾಡಿನವರಾದ ನಾವು ಕುಕ್ಕರ್ ಇಲ್ಲದೆ ಬೇಳೆ ಬೇಯಿಸಲು ಕೂತರೆ ಸಂಜೆಯಾದರೂ ಅದು ಮೆತ್ತಗಾಗದು.

ಪ್ರಶ್ನೆ: ಸುರಪುರ ತಾಲ್ಲೂಕಿನ ಬೋನಾಳ ಕೆರೆಯ ಬಳಿ ಮಕ್ಕಳೊಂದಿಗೆ ಡೇರೆ ಹಾಕುವುದು ಸರಿಯೇ?
– ಓದುಗರೊಬ್ಬರು, ಯಾದಗಿರಿ

ಉತ್ತರ: ಬೇಡ. ಅದು ಪಕ್ಷಿಧಾಮ, ಚಳಿಗಾಲದ ರಾತ್ರಿ ಅಲ್ಲಿ ತಂಗುವ ಹಕ್ಕಿಗಳಿಗೆ ಒಂದು ಬ್ಯಾಟರಿಯ ಬೆಳಕೂ ಹೆಚ್ಚೇ. ಸುರಪುರದಲ್ಲಿ ಮಲಗಿ, ಕತ್ತಲಿರುವಾಗಲೇ ಹೊರಟು, ಸೂರ್ಯ ಏಳುವ ಹೊತ್ತಿಗೆ ಕೆರೆಯ ಏರಿಯ ಮೇಲಿರಿ. ಮಕ್ಕಳಿಗೆ ಗಾಢ ಬಣ್ಣದ ಬಟ್ಟೆ ತೊಡಿಸದಿದ್ದರೆ ಹಕ್ಕಿಗಳು ಇನ್ನಷ್ಟು ಹತ್ತಿರದಲ್ಲಿ ಕಾಣಸಿಗುತ್ತವೆ.